‘ಬರೀ ಓದುವುದು ತಾನೇ?’: ಶಿರಸಿಯಿಂದ ಬಂದ ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ಹಲವು ಥ್ರೆಡ್‌ಗಳಿರುವ (ಒಟ್ಟಿಗೆ ಓಡುವ ಕೆಲಸದ ಎಳೆಗಳಿರುವ) ಜಾವಾ ತಂತ್ರಾಂಶದಲ್ಲಿ ಎಕ್ಸ್‌ಎಂಎಲ್ (ಟ್ಯಾಗ್‌ಗಳಿಂದ ಗುರುತಿಸಿದ ದತ್ತಾಂಶದ ಕಡತ) ಓದಲು ಡಾಮ್, ಸ್ಯಾಕ್ಸ್, ಸ್ಟ್ಯಾಕ್ಸ್‌ಗಳಲ್ಲಿ ಯಾವುದು ಸರಿ ಎಂಬ ನಿಮ್ಮ ಲೇಖನ ಓದಿದೆ. ಡಾಮ್ ಇಡೀ ಕಡತವನ್ನು ಮರದಂತೆ ನೆನಪಿನಲ್ಲಿ ಇಡುತ್ತದೆ, ಸ್ಯಾಕ್ಸ್ ಓದುತ್ತ ಕಂಡದ್ದನ್ನು ನಮ್ಮ ಕೋಡನ್ನು ಕರೆದು ಹೇಳುತ್ತದೆ, ಸ್ಟ್ಯಾಕ್ಸ್ ನಾವು ಕೇಳಿದಾಗ ಮುಂದಿನ ತುಂಡು ಕೊಡುತ್ತದೆ. ಭಾಷೆ ತಿಳಿಯಾಗಿದೆ. ಅಡಿಕೆ ದರಪಟ್ಟಿಯ ಉದಾಹರಣೆಯೂ ನಮ್ಮ ಸೀಮೆಯವರಿಗೆ ಹೊಂದುತ್ತದೆ. ಆದರೆ ಮೂರನೇ ಪುಟವನ್ನು ಹೀಗೇ ಪ್ರಕಟಿಸಲು ನನಗೆ ಮನಸ್ಸು ಬರುತ್ತಿಲ್ಲ.

“ಓದುವುದಷ್ಟೇ ಆದರೆ ಒಂದೇ ಡಾಮ್ ಮರವನ್ನು ಎಂಟು ಥ್ರೆಡ್‌ಗಳೂ ಲಾಕ್ ಇಲ್ಲದೆ ಬಳಸಬಹುದು” ಎಂದು ಬರೆದಿದ್ದೀರಿ. (ಲಾಕ್ ಎಂದರೆ ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಬೀಗ.) ಇದು ತಪ್ಪು. ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) ಜೊತೆ ಬರುವ ಪಾರ್ಸರ್‌ನ, ಎಂದರೆ ಕಡತ ಓದಿ ಬಿಡಿಸುವ ಭಾಗದ, ಮೂಲ ಅಪಾಚೆ ಝರ್ಸೀಸ್ ಎಂಬ ತಂತ್ರಾಂಶ. ಅದು ನೋಡ್‌ಗಳನ್ನು (ಮರದ ಗಂಟುಗಳನ್ನು) ಮೊದಲೇ ಕಟ್ಟಿಡುವುದಿಲ್ಲ. ಯಾರಾದರೂ ಮುಟ್ಟಿದಾಗ ಕಟ್ಟುತ್ತದೆ. ಎಂದರೆ ಮೊದಲ ಓದು ಒಳಗೊಳಗೇ ಬರಹ. ತಡವಾಗಿ ಕಟ್ಟುವ ಆ ಸೌಲಭ್ಯವನ್ನು ಪಾರ್ಸರ್‌ನ ಫೀಚರ್ ಮೂಲಕ ಆಫ್ ಮಾಡಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಒಂದು ನೋಡ್‌ನ ಮಕ್ಕಳ (ಅದರ ಕೆಳಗಿನ ನೋಡ್‌ಗಳ) ಪಟ್ಟಿಯಲ್ಲಿ ‘ಐಟಂ’ ಕರೆದಾಗ ಕೊನೆಗೆ ಕೊಟ್ಟ ನೋಡ್ ಮತ್ತು ಅದರ ಕ್ರಮಸಂಖ್ಯೆ ಕ್ಯಾಶ್‌ನಲ್ಲಿ (ಮತ್ತೆ ಬೇಗ ಸಿಗಲೆಂದು ಎತ್ತಿಟ್ಟ ಜಾಗದಲ್ಲಿ) ಕೂರುತ್ತವೆ. ಇಬ್ಬರು ಓದುವ ಒಂದೇ ಪುಸ್ತಕಕ್ಕೆ ಒಂದೇ ಗುರುತುಚೀಟಿ ಇಟ್ಟ ಹಾಗೆ. ಸಂಖ್ಯೆ ಒಬ್ಬರದು, ನೋಡ್ ಇನ್ನೊಬ್ಬರದು ಆದರೆ ನಲ್ ಪಾಯಿಂಟರ್ ದೋಷ (ಇಲ್ಲದ ವಸ್ತುವನ್ನು ಬಳಸಹೋದ ದೋಷ) ಬರಬಹುದು. ಅದಕ್ಕಿಂತ ಕೆಟ್ಟದ್ದು, ದೋಷವೇ ತೋರದೆ ಬೆಟ್ಟೆ ಅಡಿಕೆ ಕೇಳಿದವರಿಗೆ ಚಾಲಿ ಅಡಿಕೆಯ ದರ ಹೋಗುವುದು. ಇದನ್ನು ನಂಬಿ ಯಾರೋ ದರ ತೋರಿಸಿಬಿಟ್ಟರೆ ಎಂಬುದೇ ನನ್ನ ಆತಂಕ.

“ಸ್ಯಾಕ್ಸ್‌ನಲ್ಲಿ ಮರವೇ ಇಲ್ಲ, ಆದ್ದರಿಂದ ಒಂದೇ ಪಾರ್ಸರ್ ಸಾಕು” ಎಂಬುದೂ ನಿಲ್ಲುವುದಿಲ್ಲ. ಪಾರ್ಸರ್‌ಗೂ ಅದರ ಕರೆಗಳನ್ನು ಸ್ವೀಕರಿಸುವ ನಮ್ಮ ಹ್ಯಾಂಡ್ಲರ್‌ಗೂ ಅವುಗಳದೇ ಸ್ಥಿತಿಯಿದೆ. ಪಠ್ಯ ತಂದುಕೊಡುವ ‘ಕ್ಯಾರೆಕ್ಟರ್ಸ್’ ಕರೆ ಒಂದೇ ಪದವನ್ನು ತುಂಡುತುಂಡಾಗಿ ಕೊಡಬಹುದು. ಆ ತುಂಡುಗಳನ್ನು ಕೂಡಿಸುವ ಬಫರ್ ಹಂಚಿಕೆಯಾದರೆ ಕೆಂಪುಗೋಟು ಅಡಿಕೆಯ ಅಂಕಿ ರಾಶಿ ಅಡಿಕೆಯ ಅಂಕಿಗೆ ಅಂಟುತ್ತದೆ. ಥ್ರೆಡ್‌ಗೊಂದು ಪಾರ್ಸರ್, ಥ್ರೆಡ್‌ಗೊಂದು ಹ್ಯಾಂಡ್ಲರ್ ಇರಲಿ. ಡಾಮ್ ಮರ ಕಟ್ಟುವ ಡಾಕ್ಯುಮೆಂಟ್‌ಬಿಲ್ಡರ್‌ಗೂ ಇದೇ ನಿಯಮ. ಥ್ರೆಡ್‌ಲೋಕಲ್‌ನಲ್ಲಿಟ್ಟು (ಪ್ರತಿ ಥ್ರೆಡ್‌ಗೆ ಅದರದೇ ಪ್ರತಿ ಕೊಡುವ ಜಾಗ) ಮರುಬಳಕೆಗೆ ಮುನ್ನ ‘ರೀಸೆಟ್’ ಮಾಡಿ.

ನಾವು ಈ ಕೆಲಸ ಕಲಿಯುವಾಗ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದಿಡುತ್ತಿದ್ದೆವು. ಥ್ರೆಡ್‌ಗಳ ನಡುವೆ ಹಂಚಬಹುದಾದದ್ದು: ಸ್ಕೀಮಾ (ಕಡತದ ರಚನೆಯ ನಿಯಮ), ಟೆಂಪ್ಲೇಟ್ಸ್ (ಸಿದ್ಧಪಡಿಸಿಟ್ಟ ರೂಪಾಂತರ ಸೂಚನೆ). ಹಂಚಬಾರದ್ದು: ವ್ಯಾಲಿಡೇಟರ್ (ಆ ನಿಯಮದಂತೆ ಪರೀಕ್ಷಿಸುವುದು), ಟ್ರಾನ್ಸ್‌ಫಾರ್ಮರ್ (ರೂಪ ಬದಲಿಸುವುದು), ಎಕ್ಸ್‌ಪಾತ್ (ಮರದಲ್ಲಿ ಹುಡುಕುವುದು). ನೀವೂ ಒಮ್ಮೆ ಬರೆದು ನೋಡಿ.

ನಿಮ್ಮ ದರಪಟ್ಟಿಗೆ ಹಂಚಿದ ಮರವೇ ಬೇಡ. ಒಂದು ಥ್ರೆಡ್ ಸ್ಟ್ಯಾಕ್ಸ್‌ನಿಂದ ಕಡತವನ್ನು ಒಮ್ಮೆ ಓದಲಿ, ಬದಲಾಗದ ರೆಕಾರ್ಡ್‌ಗಳನ್ನು ಮ್ಯಾಪ್‌ಗೆ (ಹೆಸರು ಕೊಟ್ಟರೆ ಬೆಲೆ ಕೊಡುವ ಪಟ್ಟಿಗೆ) ತುಂಬಿ ‘ಮ್ಯಾಪ್.ಕಾಪಿಆಫ್’ನಿಂದ ತಿದ್ದಲಾಗದ ಪ್ರತಿ ಮಾಡಲಿ, ಆ ಮ್ಯಾಪನ್ನು ವೊಲಟೈಲ್ ಚರಾಂಶಕ್ಕೆ (ಬದಲಾದದ್ದು ಎಲ್ಲ ಥ್ರೆಡ್‌ಗಳಿಗೂ ಕಾಣುವ ಚರಾಂಶಕ್ಕೆ) ಕೊಡಲಿ. ಉಳಿದ ಏಳು ಥ್ರೆಡ್‌ಗಳು ಅದನ್ನು ಧೈರ್ಯವಾಗಿ ಓದಬಹುದು. ಹೊಸ ಪಟ್ಟಿ ಬಂದಾಗ ಹೊಸ ಮ್ಯಾಪ್ ಕಟ್ಟಿ, ಹಳೆಯದನ್ನು ತಿದ್ದಬೇಡಿ.

“ಸಾವಿರ ಸಲ ಓಡಿಸಿದೆ, ಏನೂ ಆಗಲಿಲ್ಲ” ಎಂದಿದ್ದೀರಿ. ಸಾವಿರ ಸಲವೂ ಅದೇ ಮರವನ್ನು ಓದಿದ್ದೀರಿ. ನೋಡ್‌ಗಳು ಮೊದಲ ಸುತ್ತಿನಲ್ಲೇ ಕಟ್ಟಿ ಮುಗಿದಿದ್ದವು. ಪ್ರತಿ ಸುತ್ತಿಗೂ ಕಡತವನ್ನು ಹೊಸದಾಗಿ ಪಾರ್ಸ್ ಮಾಡಿ, ಕೌಂಟ್‌ಡೌನ್‌ಲ್ಯಾಚ್ (ಎಲ್ಲರನ್ನೂ ತಡೆದು ಒಮ್ಮೆಗೇ ತೆರೆಯುವ ಬಾಗಿಲು) ಹಿಡಿದು ಎಂಟು ಥ್ರೆಡ್‌ಗಳನ್ನೂ ಒಟ್ಟಿಗೆ ಬಿಡಿ. ಆ ಫಲಿತಾಂಶದೊಂದಿಗೆ ಮೂರನೇ ಪುಟವನ್ನು ಮತ್ತೆ ಬರೆದು ಕಳಿಸಿ, ಕಾಯುತ್ತೇನೆ.