ಟಿಟಿಯನ್ನು (ಟೆಂಪೋ ಟ್ರಾವೆಲರ್) ಒಳಗೇ ಮಲಗಿ ಉಳಿಯುವ ಕ್ಯಾಂಪರ್ ಮಾಡಿಸಿದ್ದೇನೆ, ನಡುರಾತ್ರಿಗೇ ಬ್ಯಾಟರಿ ಇಳಿದುಹೋಗುತ್ತೆ. ಇನ್ನೊಂದು ಬ್ಯಾಟರಿ ಹಾಕಿಸಲೋ, ಇನ್ನೊಂದು ಸೋಲಾರ್ ಪ್ಯಾನೆಲೋ, ಜನರೇಟರೋ?

ಮೂರೂ ಬೇಡ. ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ. ಹಾಸನದವರು, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಮೇಲೆ 200 ವ್ಯಾಟ್ ಪ್ಯಾನೆಲ್, ಮಳೆಗಾಲದಲ್ಲಿ ಸಕಲೇಶಪುರದ ಕಡೆ ಹೋದರೆ ರಾತ್ರಿ ಫ್ರಿಜ್ ನಿಲ್ಲುತ್ತೆ ಅಂದಿದ್ದೀರಿ. ನನ್ನ ಟಿಟಿಯಲ್ಲೂ ಇದೇ ಸಾಮಾನು, ಇದೇ ಗೋಳು ಇತ್ತು.

ನಾವಿರೋದು ಚಿಕ್ಕಮಗಳೂರಿನಲ್ಲಿ. ಗಾಡಿ ರೆಡಿಯಾದಾಗ ಬೇಸಿಗೆ. ಹಂಪಿ, ಬಾದಾಮಿ ಅಂತ ಬಯಲುಸೀಮೆ ಸುತ್ತಿದೆವು. ಸುಡುಬಿಸಿಲು, ಸಂಜೆಯೊಳಗೆ ಪ್ಯಾನೆಲ್ಲೇ ಬ್ಯಾಟರಿಯನ್ನು ತುಂಬಿಸಿಕೊಡುತ್ತಿತ್ತು. ವೈರಿಂಗ್‌ನಲ್ಲಿ ಏನು ತಪ್ಪಾಗಿದೆ ಅಂತ ಗೊತ್ತಾಗಲು ದಾರಿಯೇ ಇರಲಿಲ್ಲ.

ಜೂನ್‌ನಲ್ಲಿ ಕೊಟ್ಟಿಗೆಹಾರದ ಹತ್ತಿರ ನೆಂಟರ ತೋಟಕ್ಕೆ ಹೋಗಿ, ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿದೆವು. ಸುತ್ತ ಸಿಲ್ವರ್ ಓಕ್, ಮೇಲೆ ಬಿಡದ ಮಳೆ. ರಾತ್ರಿ ಫ್ರಿಜ್ಜಿನ ಕಂಪ್ರೆಸರ್ ಟಕ್ ಅಂತ ಶುರುವಾಗಲು ನೋಡೋದು, ನಿಲ್ಲೋದು. ಕೆಂಪು ದೀಪ ಮಿಣುಕೋದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಒಳಗೆ ಅಮ್ಮನ ಇನ್ಸುಲಿನ್ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಊರಿಗೆ ಬಂದವನೇ ಇನ್ನೊಂದು ಅಂಥದ್ದೇ ಬ್ಯಾಟರಿ ತಂದೆ. 50 ಕೆಜಿಗೂ ಮೇಲೆ ತೂಕ, ಮಂಚದ ಕೆಳಗೆ ಜಾಗ ಮಾಡಿ ಕೂರಿಸಿದ್ದಾಯಿತು. ಅಂಗಡಿಯಿಂದ ಚಾರ್ಜ್ ಆಗಿಯೇ ಬಂದಿತ್ತಲ್ಲ, ಹಾಗಾಗಿ ಮೊದಲ ಸಲ ಚೆನ್ನಾಗಿ ಬಂತು. ಆಮೇಲೆ ಎರಡೂ ಸೇರಿ ಅದೇ ಹೊತ್ತಿಗೆ ಇಳಿಯತೊಡಗಿದವು. ಇನ್ನೊಂದು ಪ್ಯಾನೆಲ್ ಹಾಕಿಸಿದೆ. ಜುಲೈ ಮೋಡದಲ್ಲಿ ಒಂದಿದ್ದರೂ ಅಷ್ಟೇ, ಎರಡಿದ್ದರೂ ಅಷ್ಟೇ.

ಕೊನೆಗೆ ಹಾಸನದಲ್ಲಿ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಬ್ಯಾಟರಿ ಮುಟ್ಟಲೇ ಇಲ್ಲ. ಇಂಜಿನ್ ಆನ್ ಇಡಿಸಿ ಡೈನಮೊ ಹತ್ತಿರ ಮೀಟರ್ ಹಿಡಿದರು, 14.2 ವೋಲ್ಟ್. ಹಿಂದೆ ಬಂದು ಬ್ಯಾಟರಿ ಟರ್ಮಿನಲ್ ಮೇಲೆ ಹಿಡಿದರು, 12.9. ಆಮೇಲೆ ಪ್ಲೈವುಡ್ ಹಿಂದೆ ಹೋಗುತ್ತಿದ್ದ ವೈರನ್ನು ನನ್ನ ಕೈಯಲ್ಲೇ ಮುಟ್ಟಿಸಿದರು. ಬೆಚ್ಚಗಿತ್ತು. “ಬಾಯಿ ಎರಡು ಮಾಡಿದ್ದೀರಿ ಸಾರ್, ಅನ್ನ ಒಂದು ಬಾಯಿಗೂ ಸಾಲ್ತಿಲ್ಲ” ಅಂದರು.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನನ್ನ ದುಡ್ಡೆಲ್ಲ ಹೋಗಿದ್ದು ಇಲ್ಲೇ. ಒಳಗಿನ ಕೆಲಸ ಮಾಡಿದವರು ಡೈನಮೊದಿಂದ ಹಿಂದಿನ ಬ್ಯಾಟರಿಗೆ ಎಳೆದಿದ್ದು ಎರಡೂವರೆ (ಚದರ) ಎಂಎಂ ವೈರು, ಅಂದರೆ ಮನೆಯ ಪ್ಲಗ್ ಪಾಯಿಂಟಿಗೆ ಹಾಕುವ ಮಾಮೂಲಿ ವೈರು. ನನ್ನನ್ನು ಕೇಳಿಯೇ ಹಾಕಿದ್ದರು, ನಾನೇ ಸರಿ ಅಂದಿದ್ದೆ. ಮನೆಯಲ್ಲಿ ಇದೇ ವೈರಿನಲ್ಲಿ ಇಸ್ತ್ರಿಪೆಟ್ಟಿಗೆ, ವಾಟರ್ ಹೀಟರ್ ಓಡುತ್ತವೆ, ಬರೀ 12 ವೋಲ್ಟಿಗೆ ಸಾಲದೇ ಇರುತ್ತಾ ಅಂದುಕೊಂಡೆ. ಲೆಕ್ಕ ಉಲ್ಟಾ. ಈ ವೈರಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 7 ಮಿಲಿಓಮ್ ತಡೆ ಇರುತ್ತೆ. ನನ್ನ ಗಾಡಿಯಲ್ಲಿ ಹೋಗೋದು 6 ಮೀಟರ್, ಬರೋದು 6 ಮೀಟರ್. 15 ಆಂಪ್ ಹರಿದರೆ ದಾರಿಯಲ್ಲೇ 1.3 ವೋಲ್ಟ್ ಕರಗುತ್ತೆ. ಮನೆಯ 230 ವೋಲ್ಟಿನಲ್ಲಿ 1.3 ಹೋದರೆ ಯಾರಿಗೂ ಗೊತ್ತಾಗೋದಿಲ್ಲ. ಇಲ್ಲಿ ಹಾಗಲ್ಲ. ಅರ್ಧ ಇಳಿದ ಬ್ಯಾಟರಿ 12.2ರಲ್ಲಿರುತ್ತೆ, ಡೈನಮೊ 14.2 ಕೊಡುತ್ತೆ, ಚಾರ್ಜ್ ಏರೋದು ನಡುವಿನ ಆ 2 ವೋಲ್ಟಿನ ಬಲದಲ್ಲಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ವೈರೇ ತಿಂದುಬಿಟ್ಟರೆ ಬ್ಯಾಟರಿಗೆ ಏನುಳಿಯುತ್ತೆ?

ಇನ್ನೂ ಒಂದಿದೆ. ಲೆಡ್ ಬ್ಯಾಟರಿ ಅರೆಬರೆ ಚಾರ್ಜಿನಲ್ಲೇ ತಿಂಗಳುಗಟ್ಟಲೆ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಳೆಯ ಶಕ್ತಿ ಬರೋದಿಲ್ಲ. ನನ್ನ ಮೊದಲ ಬ್ಯಾಟರಿ ಹೋಗಿದ್ದು ಹಾಗೆ. ಕಂಪನಿಯನ್ನು ಬೈದುಕೊಂಡು ಓಡಾಡಿದೆ, ಬ್ಯಾಟರಿಯದ್ದೇನೂ ತಪ್ಪಿರಲಿಲ್ಲ.

ಆ ಹಿರಿಯರು 16 ಎಂಎಂ ಕೇಬಲ್ ಎಳೆದರು. ಎರಡು ತುದಿಗೂ ಬ್ಯಾಟರಿಯ ಪಕ್ಕದಲ್ಲೇ ಒಂದೊಂದು ಫ್ಯೂಸ್ ಹಾಕಿದರು. ಮುಂದೆ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿ, ಹಿಂದೆ ಫ್ರಿಜ್ಜಿನದು, ಹೀಗೆ ಎರಡು ಕಡೆಯೂ ಬ್ಯಾಟರಿ ಇರುವಾಗ ಒಂದೇ ಫ್ಯೂಸ್ ಸಾಲದು, ನಡುವೆ ವೈರು ಉಜ್ಜಿ ಶಾರ್ಟ್ ಆದರೆ ಇನ್ನೊಂದು ಕಡೆಯಿಂದ ಬೆಂಕಿ ಹತ್ತುತ್ತೆ. ನಡುವೆ 30 ಆಂಪ್ ಡಿಸಿ-ಟು-ಡಿಸಿ ಚಾರ್ಜರ್ ಕೂರಿಸಿದರು. ಮುಂದಿನಿಂದ ಬರುವ ವೋಲ್ಟೇಜ್ ಕಮ್ಮಿಯಿದ್ದರೂ ಅದು ಏರಿಸಿ ಬ್ಯಾಟರಿಗೆ ಬೇಕಾದ 14.4ರ ಆಸುಪಾಸು ಕೊಡುತ್ತೆ. ಇಂಜಿನ್ ಆಫ್ ಆದರೆ ತಾನೇ ನಿಲ್ಲುತ್ತೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ ಅನ್ನೋ ಭಯ ಇಲ್ಲ. ನಿಮ್ಮದು ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಇದು ಬೇಕೇ ಬೇಕು ಅನ್ನುತ್ತೇನೆ, ಯಾಕೆಂದರೆ ಅಂಥ ಕೆಲವು ಗಾಡಿಗಳಲ್ಲಿ ಡೈನಮೊ ವೋಲ್ಟೇಜನ್ನು ಇಂಜಿನ್ನಿನ ಕಂಪ್ಯೂಟರೇ ಇಳಿಸುತ್ತಿರುತ್ತೆ. ಅಲ್ಲಿ ಬರೀ ರಿಲೇ, ಅಂದರೆ ಇಂಜಿನ್ ಆನ್ ಆದಾಗ ಎರಡು ಬ್ಯಾಟರಿ ಜೋಡಿಸುವ ಸ್ವಿಚ್, ಹಾಕಿದರೆ ಪ್ರಯೋಜನವಿಲ್ಲ.

ಈಗ ನಿಮ್ಮ ಲೆಕ್ಕ ನೋಡಿ. 40 ಲೀಟರಿನ 12 ವೋಲ್ಟ್ ಫ್ರಿಜ್ ದಿನಕ್ಕೆ 300ರಿಂದ 400 ವ್ಯಾಟ್-ಅವರ್ ತಗೊಳ್ಳುತ್ತೆ, ಅಂದರೆ 25ರಿಂದ 33 ಎಎಚ್. ಹಾಸನದಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್, ಒಂದು ಗಂಟೆ ದಾರಿ. 30 ಆಂಪ್ ಚಾರ್ಜರ್ ಇದ್ದರೆ ಆ ಒಂದು ಗಂಟೆಯ ಓಟದಲ್ಲೇ ಫ್ರಿಜ್ಜಿನ ಒಂದು ದಿನದ ಖರ್ಚು ಹೆಚ್ಚುಕಡಿಮೆ ಬಂದುಬಿಡುತ್ತೆ. ಮಲೆನಾಡಿನ ರಾತ್ರಿಗೆ ಫ್ಯಾನ್ ಬೇಕಿಲ್ಲ. ಇನ್ನುಳಿದಿದ್ದು ಎಲ್‌ಇಡಿ ದೀಪ, ಫೋನು.

ಪ್ಯಾನೆಲ್ ಬಗ್ಗೆ ಒಂದೇ ಮಾತು. ಅದರ ಸೆಲ್‌ಗಳೆಲ್ಲ ಸಾಲಾಗಿ ಜೋಡಿಸಿರುತ್ತವೆ, ಮೂಲೆಯ ಮೇಲೆ ಒಂದು ಕೊಂಬೆಯ ನೆರಳು ಬಿದ್ದರೂ ಒಂದು ದೊಡ್ಡ ಪಾಲು ಹೋಗುತ್ತೆ. ತೋಟದೊಳಗೆ ಗಾಡಿ ನಿಲ್ಲಿಸುವ ನಾವು ಅದನ್ನೇ ನಂಬಿ ಕೂರೋದು ಸರಿಯಲ್ಲ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಮೇನ್ಸ್ ಚಾರ್ಜರ್ ತಗೊಳ್ಳಿ. ಹೋಂಸ್ಟೇಯವರು ಕೇಳಿದರೆ ಪ್ಲಗ್ ಕೊಡುತ್ತಾರೆ.

ಜನರೇಟರ್ ಖಂಡಿತ ಬೇಡ. ಮಳೆಗೆ ನೆನೆಯದಿರಲಿ ಅಂತ ಗಾಡಿಯ ಪಕ್ಕಕ್ಕೇ ತಂದಿಡುತ್ತೀರಿ, ಕಿಟಕಿಯಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ. ಅದಕ್ಕೆ ವಾಸನೆಯೂ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಸಕಲೇಶಪುರ, ಆಲೂರು ಕಡೆ ಆನೆ ಓಡಾಡುವ ಜಾಗ ಬೇರೆ. ರಾತ್ರಿ ಹೊರಗೆ ಏನು ಸದ್ದಾಯಿತು ಅಂತ ಕೇಳಿಸಬೇಕು, ಅಲ್ವಾ?

ಅಳೆಯುವಾಗ ಒಂದು ನೆನಪಿಡಿ. ರಾತ್ರಿ ಬ್ಯಾಟರಿ ಇಳಿದ ಮರುದಿನ ಬೆಳಿಗ್ಗೆಯೇ ಇಂಜಿನ್ ಆನ್ ಇಟ್ಟು, ಡೈನಮೊ ಹತ್ತಿರವೂ ಹಿಂದಿನ ಬ್ಯಾಟರಿ ಹತ್ತಿರವೂ ಅಳೆಯಿರಿ. ತುಂಬಿದ ಬ್ಯಾಟರಿ ಕರೆಂಟು ಎಳೆಯೋದಿಲ್ಲ, ಆಗ ಎರಡು ಕಡೆಯೂ ಒಂದೇ ವೋಲ್ಟೇಜ್ ತೋರಿಸಿ ವೈರಿನ ತಪ್ಪು ಮುಚ್ಚಿಹೋಗುತ್ತೆ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಕೇಬಲ್ ಬದಲಿಸಿ. ಬರದಿದ್ದರೆ ಒಂದು ಇಡೀ ದಿನ ಮೇನ್ಸ್‌ನಲ್ಲಿ ಚಾರ್ಜ್ ಮಾಡಿ, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಟ್ಟು ನೋಡಿ. ಟ್ಯೂಬುಲರ್ ಬ್ಯಾಟರಿಯ ಆರೂ ಸೆಲ್ 1240ರ ಹತ್ತಿರ ಬರಬೇಕು. ಎರಡು ಕಡೆಯ ವೋಲ್ಟೇಜ್, ವೈರಿನ ದಪ್ಪ, ಉದ್ದ ಇಷ್ಟನ್ನು ಕೆಳಗೆ ಬರೆಯಿರಿ. ಎಷ್ಟು ಎಂಎಂ ಕೇಬಲ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.