ಎಂ.ಎಸ್ಸಿ. ಆಯ್ತು, ಈಗ ನರ್ಸಿಂಗಾ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ ಶಿವಮೊಗ್ಗದ ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದೇನೆ. ವಯಸ್ಸು 31. ಗಂಡ ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದಾರೆ. ನಾನೂ ನಾಲ್ಕು ವರ್ಷದ ಮಗನೂ ಅಂಥವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಸದ್ಯದಲ್ಲೇ ಹೊರಡುತ್ತೇವೆ. ಬೇರೆ ಡಿಗ್ರಿ ಆದವರಿಗೆ ಅಲ್ಲಿ 16 ತಿಂಗಳಲ್ಲಿ ನರ್ಸಿಂಗ್ ಡಿಗ್ರಿ ಮುಗಿಸುವ ಕೋರ್ಸ್ ಇದೆಯಂತೆ. ನನಗೆ ತುಂಬಾ ಆಸೆ. ಗಂಡ ‘ಬಂದ ಕೂಡಲೇ ಸೇರಿಬಿಡು’ ಅನ್ನುತ್ತಾರೆ. ಅಮ್ಮ ‘ಇಷ್ಟು ಓದಿ ಕಂಡವರ ಬೆಡ್‌ಪ್ಯಾನ್ ತೆಗೀತೀಯಾ’ ಎಂದು ಮಾತು ಬಿಟ್ಟಿದ್ದಾರೆ. ಪುಸ್ತಕ ಮುಟ್ಟಿ ವರ್ಷಗಳೇ ಆದವು, ಅದೂ ಭಯ. ಏನು ಮಾಡಲಿ?

ಉತ್ತರ: ಅಮ್ಮನ ಮಾತಿಗೆ ಆಮೇಲೆ ಬರೋಣ. ನನಗೆ ಜಾಸ್ತಿ ಚಿಂತೆ ಆಗಿದ್ದು ಗಂಡನ ಮಾತು ಓದಿ. ‘ಬಂದ ಕೂಡಲೇ’ ಬೇಡ. ಕೋರ್ಸ್ ಮಾಡಿ, ಆದರೆ ಅದಕ್ಕೆ ಮುಂಚೆ ಒಂದು ವರ್ಷ ತಯಾರಿಗೆ ಇಟ್ಟುಕೊಳ್ಳಿ. ಈ ಕೋರ್ಸ್‌ನಲ್ಲಿ ಸೋಲುವವರು ಹೆಚ್ಚಾಗಿ ದಡ್ಡರಲ್ಲ, ಮನೆ ವ್ಯವಸ್ಥೆ ಆಗುವ ಮೊದಲೇ ಒಳಗೆ ಕಾಲಿಟ್ಟವರು.

ಎಲ್ಲಕ್ಕಿಂತ ಮೊದಲು ಕೆಲಸದ ಪರವಾನಗಿ ವಿಷಯ. ಎಚ್-4 ವೀಸಾದಲ್ಲಿ ನೀವು ಓದಬಹುದು, ಅದಕ್ಕೆ ಅಡ್ಡಿಯಿಲ್ಲ. ದುಡಿಯಲು ಮಾತ್ರ ಬೇರೆ ಅನುಮತಿ ಬೇಕು. 2015ರಲ್ಲಿ ಬಂದ ನಿಯಮದ ಪ್ರಕಾರ, ಗಂಡನ ಗ್ರೀನ್‌ಕಾರ್ಡ್ ದಾರಿಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ ಸಾಮಾನ್ಯವಾಗಿ ನೀವು ಆ ಅನುಮತಿ ಕೇಳಬಹುದು. ಆಗಿಲ್ಲದಿದ್ದರೆ ಡಿಗ್ರಿ, ಲೈಸೆನ್ಸ್ ಎರಡೂ ಇದ್ದರೂ ಮನೆಯಲ್ಲೇ ಕೂರಬೇಕಾದೀತು. ನರ್ಸ್ ಆಗಿಯೇ ಎಚ್-1ಬಿ ಪಡೆಯುತ್ತೇನೆ ಅಂದರೆ ಅದೂ ಸುಲಭವಲ್ಲ. ಸಾಮಾನ್ಯ ನರ್ಸ್ ಹುದ್ದೆಗೆ ಡಿಗ್ರಿ ಕಡ್ಡಾಯವಲ್ಲ ಎಂಬ ಕಾರಣಕ್ಕೆ ಅಲ್ಲಿ ತಕರಾರು ಬರುತ್ತದೆ. ಇಂಥ ಕೋರ್ಸ್‌ಗೆ ಎಷ್ಟೋ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ 50 ಸಾವಿರ ಡಾಲರ್ ದಾಟುವ ಖರ್ಚಿದೆ. ಎಚ್-4ನವರಿಗೆ ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ. ಆದ್ದರಿಂದ ಇವತ್ತು ರಾತ್ರಿ ಫೋನಿನಲ್ಲಿ ಐ-140 ಎಲ್ಲಿಗೆ ಬಂತು ಅಂತ ಕೇಳಿ. ಫೀಸು ಕಟ್ಟುವ ಮೊದಲು ವಲಸೆ ವಕೀಲರೊಬ್ಬರ ಹತ್ತಿರ ಒಮ್ಮೆ ಕೂತು ಮಾತಾಡಿ.

ಇನ್ನು ಓದಿನ ತಯಾರಿ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್, ಸೈಕಾಲಜಿ ಇವನ್ನು ಮುಗಿಸಿದವರಿಗೇ ಅಲ್ಲಿ ಸಾಮಾನ್ಯವಾಗಿ ಪ್ರವೇಶ. ಎಂ.ಎಸ್ಸಿ. ಇದ್ದರೂ ಲ್ಯಾಬ್ ಸಮೇತ ಅನಾಟಮಿ ಓದಿಲ್ಲವಾದರೆ ಓದಲೇಬೇಕು. ತುಂಬಾ ಹಿಂದೆ ಓದಿದ್ದನ್ನು ಎಷ್ಟೋ ಕಡೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇವನ್ನೆಲ್ಲ ಅಲ್ಲಿನ ಕಮ್ಯುನಿಟಿ ಕಾಲೇಜು ಎಂಬ ಸ್ಥಳೀಯ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಮಾಡಿಕೊಳ್ಳಬಹುದು. ನಾನು ಹೇಳಿದ ಆ ಒಂದು ವರ್ಷ ಹೋಗುವುದು ಇದಕ್ಕೇ. ಓದು ಮರೆತಿದೆ ಎಂಬ ನಿಮ್ಮ ಭಯಕ್ಕೂ ಇದೇ ಮದ್ದು. ಕೆಲವು ಕಡೆ ಟೀಸ್ ಎಂಬ ಪ್ರವೇಶ ಪರೀಕ್ಷೆಯೂ ಇದೆ. ಎಂ.ಎಸ್ಸಿ. ಆದವರು ಅದಕ್ಕೆ ಹೆದರಬೇಕಿಲ್ಲ. ಕಾಲೇಜಿಗೆ ಸಿಸಿಎನ್‌ಇ ಅಥವಾ ಎಸಿಇಎನ್ ಎಂಬ ಸಂಸ್ಥೆಗಳ ಮಾನ್ಯತೆ ಇದೆಯೇ, ಅದನ್ನು ಮಾತ್ರ ನೀವೇ ನೋಡಿ.

ಹೊರಡುವ ಮೊದಲು ಇಲ್ಲೇ ಮುಗಿಸಬೇಕಾದ ಕೆಲಸವೂ ಇದೆ. ನಿಮ್ಮ ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಹೋಗಿ ಬಿ.ಎಸ್ಸಿ., ಎಂ.ಎಸ್ಸಿ. ಎರಡರ ಅಂಕಗಳ ಅಧಿಕೃತ ದಾಖಲೆಗೆ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ. ಅಮೆರಿಕದಲ್ಲಿ ಕೂತು ಇದನ್ನು ತರಿಸುವುದು ತಲೆನೋವು. ನಮ್ಮ ಮೂರು ವರ್ಷದ ಬಿ.ಎಸ್ಸಿ.ಯನ್ನು ಅಲ್ಲಿ ಕೆಲವರು ಪೂರ್ತಿ ಡಿಗ್ರಿ ಅಂತ ಒಪ್ಪುವುದಿಲ್ಲ. ನಿಮ್ಮ ಎಂ.ಎಸ್ಸಿ. ಕೈ ಹಿಡಿಯುವುದು ಆಗಲೇ. ಆಸ್ಪತ್ರೆಯಲ್ಲಿ ತರಬೇತಿಗೆ ಬಿಡುವ ಮೊದಲು ಲಸಿಕೆ, ಕ್ಷಯದ ಪರೀಕ್ಷೆಯ ದಾಖಲೆ ಕೇಳುತ್ತಾರೆ, ಆದ್ದರಿಂದ ಚಿಕ್ಕಂದಿನ ಲಸಿಕೆ ಕಾರ್ಡ್ ಇದ್ದರೆ ಹುಡುಕಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಶುರು ಮಾಡಿ, ಅದರ ಡೋಸ್‌ಗಳು ಮುಗಿಯಲು ತಿಂಗಳುಗಳೇ ಬೇಕು. ಇನ್ನೊಂದು ವಿಷಯ: ನಮ್ಮ ತೋಳಲ್ಲಿ ಬಿಸಿಜಿ ಕಲೆ ಇರುತ್ತದಲ್ಲ, ಆ ಲಸಿಕೆಯಿಂದಾಗಿ ಕ್ಷಯದ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳಿ.

ಕೋರ್ಸ್ ಒಳಗೆ ನಿಮ್ಮಂಥವರು ಎಡವುವ ಜಾಗ ಬೇರೆಯೇ ಇದೆ. ನಾವೆಲ್ಲ ಹತ್ತು ಮಾರ್ಕಿನ ಉತ್ತರ ಉರು ಹೊಡೆದು ಪಾಸಾದವರು. ಅಲ್ಲಿ ನಾಲ್ಕು ಆಯ್ಕೆ ಕೊಡುತ್ತಾರೆ, ಎಷ್ಟೋ ಸಲ ನಾಲ್ಕೂ ಸರಿಯೇ ಇರುತ್ತವೆ. ಮೊದಲು ಯಾವುದು ಮಾಡುತ್ತೀರಿ ಎಂಬುದೇ ಪ್ರಶ್ನೆ. ಒಂದು ಉದಾಹರಣೆ ನೋಡಿ. ಒಬ್ಬರಿಗೆ ಆಪರೇಷನ್ ಆದ ಜಾಗದಲ್ಲಿ ನೋವು. ಒಬ್ಬರು ಮನೆಗೆ ಹೋಗಲು ಕಾಗದ ಕೇಳುತ್ತಿದ್ದಾರೆ. ಇನ್ನೊಬ್ಬರಿಗೆ ಸಣ್ಣ ಜ್ವರ. ನಾಲ್ಕನೆಯವರಿಗೆ ಉಬ್ಬಸ, ಬೆಳಗ್ಗೆಯಿಂದ ಕೇಳುತ್ತಿದ್ದ ಸುಯ್ ಸುಯ್ ಶಬ್ದ ಈಗ ಥಟ್ಟನೆ ನಿಂತಿದೆ, ಸುಸ್ತಾಗಿ ಮಾತೂ ಆಡುತ್ತಿಲ್ಲ. ‘ಉಬ್ಬಸ ಕಡಿಮೆ ಆಯ್ತು’ ಎಂದುಕೊಂಡು ನೋವಿನವರ ಹತ್ತಿರ ಹೋದಿರೋ, ಕೆಟ್ಟಿತು. ಅಲ್ಲಿ ಶಬ್ದ ನಿಂತಿರುವುದು ಗಾಳಿಯೇ ಆಡದೆ. ಮೊದಲು ಓಡಬೇಕಾದ್ದು ಆ ಉಬ್ಬಸದವರ ಹತ್ತಿರ. ಇಂಥ ಯೋಚನೆ ಪುಟ ತಿರುವಿ ಬರುವುದಿಲ್ಲ. ಮೊದಲ ವಾರದಿಂದಲೇ ದಿನವೂ ಒಂದಿಷ್ಟು ಪ್ರಶ್ನೆ ಬಿಡಿಸಿ, ತಪ್ಪಿದ ಪ್ರಶ್ನೆಯಲ್ಲಿ ಎಲ್ಲಿ ಯೋಚನೆ ಜಾರಿತು ಅಂತ ಬರೆದಿಡಿ. ಕೊನೆಗೆ ಲೈಸೆನ್ಸ್‌ಗೆ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯೂ ಇದೇ ಜಾತಿಯದು. ಕಂಪ್ಯೂಟರ್ ನಿಮ್ಮ ಉತ್ತರ ನೋಡಿಕೊಂಡೇ ಮುಂದಿನ ಪ್ರಶ್ನೆ ಕೊಡುತ್ತದೆ. ಕಡಿಮೆ ಅಂದರೆ 85, ಹೆಚ್ಚೆಂದರೆ 150 ಪ್ರಶ್ನೆ, ಐದು ಗಂಟೆ ಸಮಯ.

ಔಷಧಿ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೋಗಿಯ ತೂಕ 154 ಪೌಂಡ್ ಅಂದ ಕೂಡಲೇ 70 ಕಿಲೋ ಅಂತ ಬಾಯಿಗೆ ಬರಬೇಕು. ಈ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ 90ಕ್ಕಿಂತ ಕಡಿಮೆ ಬಂದರೆ ಫೇಲ್ ಅನ್ನುವ ಕಾಲೇಜುಗಳಿವೆ.

ಈಗ ಅಮ್ಮನ ಮಾತು. ಬೆಡ್‌ಪ್ಯಾನ್ ತೆಗೆಯಬೇಕಾ ಅಂದರೆ, ಹೌದು, ತೆಗೆಯಬೇಕು. ಮುಚ್ಚಿಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ನಮ್ಮವರು ಮಲಗಿದರೆ ಉಣಿಸುವುದು, ಒರೆಸುವುದೆಲ್ಲ ಜೊತೆಗೆ ಉಳಿದ ಮನೆಯವರದ್ದೇ ಕೆಲಸ. ಅಲ್ಲಿ ಅದನ್ನು ನರ್ಸ್ ಮತ್ತು ಸಹಾಯಕರು ಮಾಡುತ್ತಾರೆ. ಅಜ್ಜಿಗೆ ಅಮ್ಮ ಮಾಡಿದ್ದನ್ನೇ ನೀವು ಸಂಬಳಕ್ಕೆ, ಲೈಸೆನ್ಸ್ ಇಟ್ಟುಕೊಂಡು ಮಾಡುತ್ತೀರಿ, ಅಷ್ಟೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ನಮ್ಮ ಕಡೆ ಇನ್ನೂ ಬರುತ್ತದೆ. ಆ ಜ್ವರ ಬಂದವರನ್ನು ಹಗಲು ರಾತ್ರಿ ನೋಡಿಕೊಳ್ಳುವವರು ಯಾರು ಅಂತ ಅಮ್ಮನನ್ನೇ ಕೇಳಿ. ಜಗಳಕ್ಕಲ್ಲ, ಮಾತು ಶುರುವಾಗಲಿ ಅಂತ. ಅವರೂ ನಿಮಗೆ ಬೇಕಾಗುತ್ತಾರೆ.

ಯಾಕೆಂದರೆ ಮಗನನ್ನು ನೋಡಿಕೊಳ್ಳುವವರು ಯಾರು ಅಂತ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ! ಕ್ಲಿನಿಕಲ್ ದಿನ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ ಇರುವ ದಿನ, ಬೆಳಗ್ಗೆ ಏಳಕ್ಕೆ ವಾರ್ಡ್‌ನಲ್ಲಿರಬೇಕು, ಕೆಲವು ಕಡೆ 12 ಗಂಟೆ ಪಾಳಿ. ಯಜಮಾನರ ಆಫೀಸಿನವರು ಆ ದಿನಗಳಲ್ಲಿ ಮಗನನ್ನು ಶಾಲೆಗೆ ಬಿಟ್ಟು ಕರೆತರಲು ಬಿಡುತ್ತಾರಾ? ‘ಸೇರಿಬಿಡು’ ಅಂದವರೇ ಇದಕ್ಕೆ ಉತ್ತರ ಹೇಳಲಿ. ವಿಸಿಟರ್ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳಷ್ಟೇ ಇರಲು ಬಿಡುವುದು. 16 ತಿಂಗಳಿಗೆ ಒಬ್ಬ ಅಜ್ಜಿ ಸಾಲುವುದಿಲ್ಲ. ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದ್ದರೆ ಕೊಯ್ಲಿನ ಹೊತ್ತಿಗೆ ಅಮ್ಮ ಊರು ಬಿಡುವುದಿಲ್ಲ. ಆದ್ದರಿಂದ ಜನವರಿಯಲ್ಲಿ ಶುರುವಾಗುವ ಬ್ಯಾಚ್ ಸಿಕ್ಕರೆ ನೋಡಿ. ಮೊದಲ ಒಂದು ತಿಂಗಳು ನೀವಿಬ್ಬರೇ ಸಂಭಾಳಿಸಿ, ಕೊಯ್ಲು ಸುಲಿತ ಮುಗಿಸಿ ಅಮ್ಮ ಬರಲಿ, ಅವರು ಹೊರಟ ಮೇಲೆ ಅತ್ತೆ. ಇಬ್ಬರ ಪಾಸ್‌ಪೋರ್ಟ್‌ಗೂ ಈಗಲೇ ಅರ್ಜಿ ಹಾಕಿ.