ಏಷ್ಯಾದಲ್ಲಿ ಸಿಕ್ಕ ಡೈನೋಸಾರ್‌ಗಳಲ್ಲಿ ನಿಮಗೆ ಯಾವುದು ಇಷ್ಟ? ನಮ್ಮ ಕಾರವಾರ, ಶಿರಸಿ ಕಡೆ ಅಗೆದರೆ ಸಿಗಬಹುದೇ?

ನನ್ನ ಆಯ್ಕೆ ಡೈನೋಕೈರಸ್. 1965ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಪೋಲೆಂಡ್-ಮಂಗೋಲಿಯಾ ತಂಡಕ್ಕೆ ಸಿಕ್ಕಿದ್ದು ಮುಖ್ಯವಾಗಿ ಎರಡು ತೋಳು. ಒಂದೊಂದೂ ಸುಮಾರು 2.4 ಮೀಟರ್ ಉದ್ದ, ತುದಿಯಲ್ಲಿ ದೊಡ್ಡ ಉಗುರು. ಭಯಂಕರ ಬೇಟೆಗಾರನೇ ಇರಬೇಕು ಎಂದು ಅನೇಕರು ಊಹಿಸಿದರು. ಸುಮಾರು ಐವತ್ತು ವರ್ಷ ಹೀಗೇ ನಡೆಯಿತು. 2014ರಲ್ಲಿ ಹೆಚ್ಚು ಪೂರ್ಣವಾದ ಅಸ್ಥಿಪಂಜರಗಳ ವಿವರ ಹೊರಬಂದಾಗ ಕಂಡದ್ದೇ ಬೇರೆ: ಬಾತುಕೋಳಿಯಂಥ ಹಲ್ಲಿಲ್ಲದ ಮೂತಿ, ಬೆನ್ನ ಮೇಲೆ ಡುಬ್ಬ, ಸುಮಾರು 11 ಮೀಟರ್ ಮೈ. ಹೊಟ್ಟೆಯಲ್ಲಿ ಸಾವಿರಕ್ಕೂ ಮಿಕ್ಕಿ ಸಣ್ಣ ಕಲ್ಲು, ಜೊತೆಗೆ ಮೀನಿನ ಚೂರು. ಮೀನು ತಿನ್ನುತ್ತಿತ್ತು ಎಂದ ಮೇಲೆ ಕಾರವಾರದವರಿಗೆ ಅದು ನೆಂಟನೇ ಬಿಡಿ! ಕಳ್ಳರು ಅಗೆದು ಮಾರಿದ್ದ ಅದರ ತಲೆಬುರುಡೆ ಯುರೋಪಿನಿಂದ ಮಂಗೋಲಿಯಾಕ್ಕೆ ಮರಳಿತು.

ಎರಡನೆಯದು ಗೋದಾವರಿ ಕಣಿವೆಯ ಬಾರಾಪಾಸಾರಸ್ ಟಾಗೋರಿ. ಉದ್ದ ಕತ್ತಿನ ಸಸ್ಯಾಹಾರಿ, 1975ರಲ್ಲಿ ರವೀಂದ್ರನಾಥ ಟಾಗೋರರ ಹೆಸರಿಟ್ಟರು. ಅದರ ಕಾಲಕ್ಕೆ ಭಾರತ ಏಷ್ಯಾಕ್ಕೆ ಅಂಟಿಕೊಂಡೇ ಇರಲಿಲ್ಲ, ಆದರೂ ಸಿಕ್ಕ ಜಾಗ ನೋಡಿ ಲೆಕ್ಕಕ್ಕೆ ಸೇರಿಸಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಸಿಗುವ ಆಸೆ ಬೇಡ. ಇಲ್ಲಿನ ತಳದ ಶಿಲೆ ಹೆಚ್ಚಾಗಿ 250 ಕೋಟಿ ವರ್ಷಕ್ಕೂ ಹಳೆಯದು; ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಮೂಳೆ ಉಳಿಯಲು ಆ ಕಾಲದಲ್ಲೇ ಹೂಳು ತುಂಬಿ ಗಟ್ಟಿಯಾದ ಪದರ ಬೇಕು. ಮೇಲಿನ ಚಿರೇಕಲ್ಲೋ, ಮಳೆ-ಬಿಸಿಲಿಗೆ ಬಂಡೆಯೇ ಕೊಳೆತು ಆದದ್ದು. ಮೂಳೆ ನೋಡಬೇಕೆಂದರೆ ಗುಜರಾತಿನ ರಾಹಿಯೋಲಿಗೆ ಹೋಗಿ, ರಾಜಾಸಾರಸ್ ಸಿಕ್ಕಿದ್ದು ಅಲ್ಲೇ.